ಮಿಸ್ಟರ್ ಕ್ಯೂಬ್ ಮತ್ತು ಅವರ ಕಣ್ಣೆದುರು ಕಟ್ಟಿದ ಸ್ಟೇಷನ್

ನಮ್ಮ ಕನ್ನಡ ಬಳಗದ ಪತ್ರಿಕೆಯ ಕೊನೆಯ ಪುಟದಲ್ಲಿ, ಊರಲ್ಲಿ ತೀರಿಕೊಂಡ ಮಿಸ್ಟರ್ ಕ್ಯೂಬ್ ಅವರ ಹಳೆಯ ಫೋಟೊ ಹಾಕಿ, ಕೆಳಗೆ ‘ಸರಳ ಸಜ್ಜನ, ಶಿಸ್ತಿನ ಸಿಪಾಯಿ, ಬಳಗದ ಹಿತೈಷಿ’ ಎಂದು ಬರೆದಿದ್ದರು. ಬರೆದವರು ಬಳಗದ ಮಾಜಿ ಅಧ್ಯಕ್ಷರು. ಒಂದು ಕಾಲಕ್ಕೆ ಫೋಟೊದಲ್ಲಿದ್ದವರಿಗೂ ನನಗೂ ಮ್ಯಾನೇಜರಾಗಿದ್ದವರು. ನಾನು ಅದನ್ನು ಕೊನೆಯವರೆಗೂ ಓದಿದೆ. ಪತ್ರಿಕೆಯನ್ನು ಅಡುಗೆಮನೆಯ ಕಸದ ಬುಟ್ಟಿಗೆ, ಈರುಳ್ಳಿ ಸಿಪ್ಪೆಯ ಮೇಲೆ ಹಾಕಿದೆ. ಅವರ ಮುಖ ಅಲ್ಲಿರುವುದು ಸರಿಯಲ್ಲವೆನ್ನಿಸಿ ಮತ್ತೆ ತೆಗೆದು, ಫೋಟೊವನ್ನಷ್ಟೇ ಕತ್ತರಿಸಿ ಇಟ್ಟುಕೊಂಡೆ. ಕೆಳಗಿನ ಮೂರು ಸಾಲು ಸಿಪ್ಪೆಯ ಜೊತೆಗೇ ಹೋದವು.

ಅವರು ಸರಳರೇನೂ ಆಗಿರಲಿಲ್ಲ. ಸಿಡುಕರು. ‘ಹೊಲಸು’ ಎಂಬುದು ಅವರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ ಲೆಕ್ಕವಿಲ್ಲ. ಸೈಟಿನ ಚಹಾ ಹೊಲಸು. ಲಾರಿಯಲ್ಲಿ ಬಂದ ಮರಳು ಹೊಲಸು. ನಾನು ಟೈಪು ಮಾಡಿದ ಕಾಗದದಲ್ಲಿ ಒಂದು ಬಿಂದು ಆಚೀಚೆಯಾದರೆ ಅದೂ ಹೊಲಸು. ಗದಗದ ಕಡೆಯವರು. ಮಾತು ಒರಟು. ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿದ್ದಿಲ್ಲ. ತಪ್ಪು ಮಾಡಿದವರನ್ನು ಹತ್ತು ಜನರ ಎದುರಿಗೇ ಬೈದುಬಿಡುತ್ತಿದ್ದರು. ಅದು ಒಳ್ಳೆಯ ಗುಣವೆಂದು ನಾನು ಇವತ್ತಿಗೂ ಹೇಳುವುದಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಒಂದು ಕಾಂಕ್ರೀಟು ಲಾರಿಯ ಹಿಂದೆ. ಗಂಡನಿಗೆ ಕ್ವಾಲಾಲಂಪುರದಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿ ಮೈಸೂರಿನಿಂದ ಬಂದವಳು ನಾನು. ಅಲ್ಲಿನ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ನಡೆದ ಬಳಗದ ಸಂಕ್ರಾಂತಿ ಕೂಟದಲ್ಲಿ ಅಧ್ಯಕ್ಷರು, ಅಂದರೆ ನಮ್ಮ ಮ್ಯಾನೇಜರು, ಪರಿಚಯವಾಗಿ, “ನಮ್ಮ ಸೈಟ್ ಆಫೀಸಿಗೆ ಕಾಗದ ಪತ್ರ ನೋಡ್ಕೊಳ್ಳೋರು ಬೇಕಮ್ಮ, ನಮ್ಮೋರೇ ಆದ್ರೆ ಒಳ್ಳೇದು” ಎಂದರು. ಹೀಗೆ ನನಗೆ ಕೆಲಸ ಸಿಕ್ಕಿತು. ಊರಿಗೆ ತಾಗಿಕೊಂಡ ಪೆಟಾಲಿಂಗ್ ಜಯಾದ ಒಂದು ಅಂಚಿನಲ್ಲಿ, ಎತ್ತರದ ಕಂಬಗಳ ಮೇಲೆ ಓಡುವ ರೈಲಿನ ಕವಲು ದಾರಿಯೊಂದನ್ನು ನಮ್ಮ ಕಂಪನಿ ಕಟ್ಟುತ್ತಿತ್ತು. ಆ ದಾರಿಯ ಕೊನೆಯ ಸ್ಟೇಷನ್ನೇ ನಮ್ಮ ಸೈಟು.

ಕೆಲಸದ ಮೊದಲ ದಿನ ಗೇಟಿನೊಳಗೆ ಕಾಲಿಟ್ಟಾಗ ಲಾರಿಯೊಂದು ತಿರುಗುವ ಡ್ರಮ್ಮಿನ ಸಮೇತ ನಿಂತಿತ್ತು. ಅದರ ಹಿಂದೆ ಐವತ್ತು ದಾಟಿದ ಗಿಡ್ಡ ಮನುಷ್ಯರೊಬ್ಬರು ಕುಕ್ಕರುಗಾಲಲ್ಲಿ ಕೂತು, ಹಸಿ ಕಾಂಕ್ರೀಟನ್ನು ಒಂದು ಉಕ್ಕಿನ ಶಂಕುವಿನೊಳಗೆ ತುಂಬುತ್ತಿದ್ದರು. ತುಂಬಿ, ಕುಟ್ಟಿ, ಶಂಕುವನ್ನು ನಿಧಾನ ಮೇಲೆತ್ತಿದರು. ಕಾಂಕ್ರೀಟು ಸಗಣಿಯ ಹಾಗೆ ಹರಡಿಕೊಂಡಿತು. ಬರಿಗೈಯಿಂದ ಒಂದು ಹಿಡಿ ತೆಗೆದು ಹಿಚುಕಿ, ಡ್ರೈವರನ ಮುಖ ನೋಡಿದರು. ದಾರಿಯಲ್ಲಿ ಗಟ್ಟಿಯಾಗದಿರಲೆಂದು ಅವನು ನೀರು ಸುರಿದಿದ್ದ. “ಬಾಲಿಕ್” ಎಂದರು. ಮಲಾಯ್‌ನಲ್ಲಿ ವಾಪಸು ಎಂದರ್ಥ. ಡ್ರೈವರು ಕೈಮುಗಿದ, ಆಮೇಲೆ ಬೈದ, ಆಮೇಲೆ ಬಾಗಿಲು ಬಡಿದು ಲಾರಿ ತಿರುಗಿಸಿಕೊಂಡು ಹೋದ. ಅವರು ನನ್ನ ಕಡೆ ತಿರುಗಿ, “ನೀ ಮೈಸೂರಾಕಿ ಹೌದಲ್ಲ? ಇದನ್ನ ಬರಕೋ ತಂಗಿ. ಒಂದು ಲಾರಿ ವಾಪಸ್. ಕಾರಣ: ಹೊಲಸು” ಎಂದರು.

ಅವರ ಕೆಲಸ ಇಷ್ಟೇ. ಕಂಬಕ್ಕೆ, ತೊಲೆಗೆ ಹಾಕುವ ಪ್ರತಿ ಕಾಂಕ್ರೀಟಿನಿಂದ ಸ್ವಲ್ಪ ತೆಗೆದು ಉಕ್ಕಿನ ಅಚ್ಚಿನಲ್ಲಿ ಘನಗಳನ್ನು, ಅಂದರೆ ಕ್ಯೂಬುಗಳನ್ನು, ಮಾಡುವುದು, ಅವನ್ನು ನೀರಿನ ತೊಟ್ಟಿಯಲ್ಲಿ ಇಪ್ಪತ್ತೆಂಟು ದಿನ ಮುಳುಗಿಸಿಟ್ಟು, ಆಮೇಲೆ ಯಂತ್ರಕ್ಕೆ ಕೊಟ್ಟು ಒಡೆಯುವುದು. ಎಷ್ಟು ಒತ್ತಡಕ್ಕೆ ಒಡೆಯಿತೋ ಅದೇ ಕಾಂಕ್ರೀಟಿನ ಶಕ್ತಿ. ಅದನ್ನು ಉದ್ದನೆಯ ರಿಜಿಸ್ಟರಿನಲ್ಲಿ ತಮ್ಮ ಕೈಯಾರೆ ಬರೆದು, ತಿಂಗಳಿಗೊಮ್ಮೆ ಸರ್ಟಿಫಿಕೇಟಿಗೆ ಸಹಿ ಹಾಕುತ್ತಿದ್ದರು. ಸೈಟಿನವರೆಲ್ಲ ಅವರನ್ನು ‘ಮಿಸ್ಟರ್ ಕ್ಯೂಬ್’ ಎನ್ನುತ್ತಿದ್ದರು. ಅವರ ಲ್ಯಾಬು ಎಂದರೆ ಒಂದು ಹಳೆಯ ಹಡಗಿನ ಕಂಟೇನರು, ಅದರೊಳಗೆ ತೊಟ್ಟಿ, ಯಂತ್ರ, ಒಂದು ಸ್ಟೂಲು. ನಾನೊಮ್ಮೆ, ಒಂದೇ ತರಹದ ಕೆಲಸ ಬೇಜಾರಾಗುವುದಿಲ್ಲವೇ ಎಂದು ಕೇಳಿದ್ದೆ.

“ಕಾಂಕ್ರೀಟಿಗೆ ಕನ್ನಡಾ ಬರಂಗಿಲ್ಲ, ಮಲಾಯ್ ಬರಂಗಿಲ್ಲ, ಇಂಗ್ಲಿಷೂ ಬರಂಗಿಲ್ಲ” ಎಂದಿದ್ದರು. “ಮಾತಾಡಿ ಅದನ್ನ ಒಲಿಸಾಕ ಆಗಂಗಿಲ್ಲ. ಅದರ ಕೂಡ ಇದ್ರ ನನಗ ತಲಿ ನೋಯಂಗಿಲ್ಲ.”

ಸಿಮೆಂಟು ಅವರ ಬೆರಳುಗಳನ್ನು ತಿಂದುಹಾಕಿತ್ತು. ತುದಿಗಳೆಲ್ಲ ಬಿರುಕು. ಅನ್ನಕ್ಕೆ ಸಾರು, ಉಪ್ಪಿನಕಾಯಿ ಕಲೆಸಿದರೆ ಉರಿ ತಡೆಯಲಾಗುತ್ತಿರಲಿಲ್ಲ. ಹಾಗಾಗಿ ಬಳಗದ ಊಟಗಳಲ್ಲಿ ಚಮಚ ಕೇಳುತ್ತಿದ್ದರು. “ಗದಗದೋರು ಮಲೇಶಿಯಾಕ್ಕೆ ಬಂದು ಸಾಹೇಬರಾದ್ರು ನೋಡಿ” ಎಂದು ಯಾರೋ ನಕ್ಕರೆ ಮಿಕ್ಕವರೂ ನಗುತ್ತಿದ್ದರು. ಅವರು ಕೈ ತೋರಿಸಿ ವಿವರಿಸಿದ್ದನ್ನು ನಾನು ಕಾಣೆ. ಪಕ್ಕದಲ್ಲಿ ಕೂತ ಅವರ ಹೆಂಡತಿ ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಸ್ಟೇಷನ್ನು ಏಳುತ್ತಿದ್ದ ಜಾಗದ ಬಗ್ಗೆ ಹೇಳಬೇಕು. ಕೆಳಗೆ ಮೀನು ತರಕಾರಿಯ ಸಂತೆ, ಸಂತೆಯ ಹಿಂದೆ ನಾಲ್ಕು ಅಂತಸ್ತಿನ ಅಗ್ಗದ ಫ್ಲಾಟುಗಳು. ರಬ್ಬರ್ ತೋಟ ತೆರವು ಮಾಡಿದಾಗ ಎಬ್ಬಿಸಿ ತಂದ ತಮಿಳು ಕುಟುಂಬಗಳೇ ಅಲ್ಲಿ ಹೆಚ್ಚು. ಕಾರಿಲ್ಲದ ಜನ. ಹೆಂಗಸರು ಫ್ಯಾಕ್ಟರಿಗೆ, ಆಸ್ಪತ್ರೆಯ ಕಸ ಗುಡಿಸಲಿಕ್ಕೆ ಹೋಗಬೇಕಾದರೆ ಹೆದ್ದಾರಿಯ ಅಂಚಿನಲ್ಲಿ ನಡೆದು, ಎರಡು ಬಸ್ಸು ಬದಲಾಯಿಸಬೇಕಿತ್ತು. ಅವರಿಗಾಗಿಯೇ ಸ್ಟೇಷನ್ನು ಇಲ್ಲಿ ಎಂದು ನಕ್ಷೆಯ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿತ್ತು. ಕಂಬ ನೆಡಲಿಕ್ಕೆಂದು ಸಂತೆಯ ಅರ್ಧ ಅಂಗಡಿಗಳನ್ನು ಕಿತ್ತರು. ರೈಲು ಬರುತ್ತದಲ್ಲ ಎಂದು ಜನ ಸಹಿಸಿಕೊಂಡರು.

ಹಾಗೆ ಕಿತ್ತು ರಸ್ತೆಯಾಚೆಗೆ ಹೋದವರಲ್ಲಿ ಒಬ್ಬ ಮಲಾಯ್ ಮುದುಕಿ ಇದ್ದಳು. ನಾವೆಲ್ಲ ಮಕ್ಚಿಕ್, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನವನ್ನು ಬಾಳೆ ಎಲೆಯಲ್ಲಿ ಕಟ್ಟಿ ಮಾರುತ್ತಿದ್ದಳು. ಅದರ ಖಾರದ ಗೊಜ್ಜಿನಲ್ಲಿ ಒಣ ಸಿಗಡಿ ಇರುತ್ತದೆಂದು ಸಸ್ಯಾಹಾರಿಯಾದ ಮಿಸ್ಟರ್ ಕ್ಯೂಬ್ ಅವರಿಗೆ ಬರೇ ಅನ್ನ, ಸೌತೆಕಾಯಿ, ಹುರಿದ ಶೇಂಗಾ. ಇವರು ಜೇಬಿನಿಂದ ತಮ್ಮ ಮನೆಯ ಚಟ್ನಿಪುಡಿಯ ಡಬ್ಬಿ ತೆಗೆದು ಉದುರಿಸಿಕೊಂಡು, ಅವಳ ಬೆಂಚಿನ ಮೇಲೇ ಕೂತು ಚಮಚದಲ್ಲಿ ತಿನ್ನುತ್ತಿದ್ದರು. ದಿನಾ ಅವಳದು ಒಂದೇ ಪ್ರಶ್ನೆ, ರೈಲು ಯಾವಾಗ. ಇವರದು ಒಂದೇ ಉತ್ತರ, “ಸೆಕೆಜಪ್.” ಇನ್ನೇನು, ಸ್ವಲ್ಪ ಹೊತ್ತು. ಇಬ್ಬರೂ ಗಂಭೀರವಾಗಿಯೇ ಇರುತ್ತಿದ್ದರು.

ಇಂಡೋನೇಷ್ಯಾದ ಕಾಡು ಸುಟ್ಟ ಹೊಗೆ ನಮ್ಮೂರನ್ನೆಲ್ಲ ಮುಚ್ಚಿದ ವರ್ಷ ಸ್ಟೇಷನ್ನಿಗೆ ಚಾವಣಿ ಹಾಕಿದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ. ಹೊಗೆ ಸರಿದ ಮೇಲೆ ಒಂದು ಬೆಳಿಗ್ಗೆ ಅವರು ನನ್ನನ್ನು ಮೇಲೆ ಕರೆದೊಯ್ದರು. ಪ್ಲಾಟ್‌ಫಾರಮ್ಮಿಗೆ ಹಳಿ ಇನ್ನೂ ಬಂದಿರಲಿಲ್ಲ. ಕೆಳಗೆ ಸಂತೆಯ ತಗಡುಗಳು, ಫ್ಲಾಟಿನ ಬಾಲ್ಕನಿಗಳಲ್ಲಿ ಒಣಹಾಕಿದ ಸೀರೆಗಳು ಕಾಣುತ್ತಿದ್ದವು. ಎಷ್ಟು ಚೆನ್ನಾಗಿದೆ ಸಾರ್ ಎಂದೆ. ಅವರು ಮೂರನೆಯ ಕಂಬದ ಹತ್ತಿರ ಹೋಗಿ ನಿಂತು, “ಇಲ್ಲಿ ತಪ್ಪಾಗಿತ್ತು. ಒಳಗ ಜೇನುಗೂಡಿನಂಗ ತೂತು ಬಿದ್ದಿದ್ವು. ಎಲ್ಲಾ ಒಡಿಸಿ ಮತ್ತ ಹಾಕ್ಸೀನಿ. ಎಲ್ಲಿ ಅಂತ ಹುಡುಕು ನೋಡೂಣು” ಎಂದರು. ನಾನು ಕಂಬವನ್ನು ಎರಡು ಸುತ್ತು ಸುತ್ತಿದೆ. ಸಿಗಲಿಲ್ಲ. ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಲೇಶಿಯಾದ ಹಣ ರಿಂಗಿಟ್ ಬೆಲೆ ಕುಸಿಯಿತು. ಒಂದೊಂದೇ ಕ್ರೇನು ಮುಗಿಲಿಗೆ ಕೈ ಎತ್ತಿ ನಿಂತುಬಿಟ್ಟ ತಿಂಗಳುಗಳವು. ನಮ್ಮ ಕವಲು ದಾರಿಯ ಕೆಲಸವೂ ನಿಂತಿತು. ಸ್ಟೇಷನ್ನು ಹೆಚ್ಚುಕಡಿಮೆ ಪೂರ್ತಿಯಾಗಿತ್ತು, ಹಳಿ ಅಲ್ಲಿಗೆ ತಲುಪಿರಲಿಲ್ಲ. ಒಂದೆರಡು ವರ್ಷ ತಡವಾದೀತು, ಆದರೂ ಬಂದೀತು ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಪಕ್ಕದ ಖಾಲಿ ಜಾಗದಲ್ಲಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟಲು ಹೊರಟಿದ್ದವನೊಬ್ಬನಿದ್ದ. ಅವನಿಗೆ ಹೆದ್ದಾರಿಯಿಂದ ಕಾರುಗಳು ನೇರ ಇಳಿದು ಬರುವ ದಾರಿ ಬೇಕಾಗಿತ್ತು. ಸ್ಟೇಷನ್ನು ಅಡ್ಡ. ನಮ್ಮ ಕಂಪನಿಯ ಮೇಲಿನವರೂ ಅವನೂ ಒಂದೇ ಮೇಜಿಗೆ ಊಟಕ್ಕೆ ಕೂರುವವರು. ಆದರೆ ಜನರಿಗಾಗಿ ಕಟ್ಟಿದ ಹೊಸ ಸ್ಟೇಷನ್ನನ್ನು ಸುಮ್ಮಸುಮ್ಮನೆ ಕೆಡವಲಿಕ್ಕಾಗುವುದಿಲ್ಲ. ಸರಕಾರ ಕೇಳುತ್ತದೆ, ಪತ್ರಿಕೆಯವರು ಕೇಳುತ್ತಾರೆ. ಕಾರಣ ಬೇಕು. ಸ್ಟೇಷನ್ನು ಅಪಾಯಕಾರಿ ಎಂದಾದರೆ ಯಾರೂ ಏನೂ ಕೇಳುವುದಿಲ್ಲ, ಬೇಗ ಕೆಡವಿ ಎಂದು ಅವರೇ ಹೇಳುತ್ತಾರೆ.

ಆ ಮೀಟಿಂಗಿನಲ್ಲಿ ಮೂರೇ ಜನ. ಮ್ಯಾನೇಜರು, ಮಿಸ್ಟರ್ ಕ್ಯೂಬ್, ಮಿನಿಟ್ಸ್ ಬರೆದುಕೊಳ್ಳಲು ನಾನು. ಮ್ಯಾನೇಜರು ತಾವೇ ಕಾಫಿ ಬೆರೆಸಿ ಅವರ ಮುಂದಿಟ್ಟರು.

“ಬೀಳುತ್ತೆ ಅಂತ ಬರೀರಿ ಅಂತ ನಾನು ಹೇಳ್ತಿಲ್ಲ ಸಾರ್. ಕಾಂಕ್ರೀಟಿನ ಬಗ್ಗೆ ಅನುಮಾನ ಇದೆ ಅಂತ ಬರೀರಿ. ಅಷ್ಟೇ ಲಾ” ಎಂದರು ಮ್ಯಾನೇಜರು, ಮಲೇಶಿಯಾದವರ ಹಾಗೆ ಕೊನೆಗೊಂದು ‘ಲಾ’ ಸೇರಿಸಿ.

“ನನಗ ಅನುಮಾನ ಇಲ್ಲಲ್ಲ.”

“ನಿಮಗೆ ಇರಬೇಕಾಗಿಲ್ಲ. ಕಾಗದದಲ್ಲಿ ಇದ್ರೆ ಸಾಕು.”

ಅವರು ಕಾಫಿಯನ್ನು ಮುಟ್ಟಲಿಲ್ಲ. ಮ್ಯಾನೇಜರು ದನಿ ಇನ್ನಷ್ಟು ಮೆದು ಮಾಡಿ, “ರೈಲೇ ಬರದ ಸ್ಟೇಷನ್ ಮೇಲೆ ನಿಮಗೆ ಯಾಕೆ ಸಾರ್ ಇಷ್ಟು ಪ್ರೀತಿ?” ಎಂದರು.

“ಪ್ರೀತಿ ಗೀತಿ ಏನಿಲ್ಲ” ಎಂದರು ಅವರು. “ಕೆಡವೂದಿದ್ರ ಕೆಡವ್ರಿ. ‘ನಮಗ ಜಾಗ ಬೇಕಾಗೇತಿ, ಅದಕ್ಕ ಕೆಡವಾಕತ್ತೀವಿ’ ಅಂತ ಬರೀರಿ. ಆ ಕಾಗದಕ್ಕ ಮೊದಲನೇ ಸಹಿ ನಾ ಹಾಕ್ತೀನಿ. ಕಾಂಕ್ರೀಟು ಕೆಟ್ಟೈತಿ ಅಂತ ಮಾತ್ರ ನಾ ಬರಿಯಂಗಿಲ್ಲ. ಯಾಕಂದ್ರ ಕೆಟ್ಟಿಲ್ಲ.” ನನ್ನ ಕಡೆ ತಿರುಗಿ, “ಬರಕೊಂಡಿ ಏನು ತಂಗಿ?” ಎಂದರು.

ಬರೆದುಕೊಂಡಿದ್ದೆ. “ಬೇಡಮ್ಮ, ಇದೆಲ್ಲ ಮಿನಿಟ್ಸಿಗೆ ಬೇಡ” ಎಂದರು ಮ್ಯಾನೇಜರು. ಅವರಿಬ್ಬರ ಎದುರಿಗೇ ಆ ಸಾಲುಗಳ ಮೇಲೆ ಗೀಟು ಹಾಕಿದೆ.

ಎರಡು ದಿನ ಬಿಟ್ಟು ಮ್ಯಾನೇಜರು ನನ್ನನ್ನು ಕರೆದರು. ಟೇಬಲ್ಲಿನ ಮೇಲೆ ಮಿಸ್ಟರ್ ಕ್ಯೂಬ್ ಅವರ ಕೈಬರಹದ ರಿಜಿಸ್ಟರು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅಂಕಿ ಬರೆದ ಹಾಳೆಗಳು. ಹೊಸ ರಿಜಿಸ್ಟರು ಟೈಪು ಮಾಡಬೇಕು, ಅಂಕಿಗಳು ಮಾತ್ರ ಪೆನ್ಸಿಲಿನವು. ಎಲ್ಲವೂ ಹಳೆಯವಕ್ಕಿಂತ ಕಡಿಮೆ. “ಸಿಸ್ಟಮ್ಮಿಗೆ ಹಾಕ್ಬೇಕಲ್ಲಮ್ಮ, ನೀಟಾಗಿರಲಿ” ಎಂದರು. ನಾನು ದಡ್ಡಿಯಲ್ಲ. ನನಗೆ ತಿಳಿಯಿತು. ಆ ತಿಂಗಳೇ ನನ್ನ ಗಂಡನ ಕೆಲಸ ಹೋಗಿತ್ತು. ಇದನ್ನು ನೆಪವೆಂದು ಹೇಳುತ್ತಿಲ್ಲ. ನನಗಿಂತ ಕಷ್ಟದಲ್ಲಿದ್ದವರು ಎಷ್ಟೋ ಜನ ಬೇರೆ ದಾರಿ ಹಿಡಿದಿದ್ದಾರೆ. ಮೂರು ದಿನ ಕೂತು ಟೈಪು ಮಾಡಿದೆ. ಮಧ್ಯೆ ಒಂದು ಕಡೆ ಪೆನ್ಸಿಲಿನ ಅಂಕಿ ಸ್ಪಷ್ಟವಿಲ್ಲವೆಂದು ಎದ್ದು ಹೋಗಿ, ಇದು ಒಂದೋ ಏಳೋ ಎಂದು ಕೇಳಿಕೊಂಡೂ ಬಂದೆ. ಸುಳ್ಳಿನಲ್ಲೂ ತಪ್ಪಾಗಬಾರದೆಂಬ ಕಾಳಜಿ ನನಗೆ.

ಆ ಕಾಗದ ಏನು ಮಾಡುತ್ತದೆಂದು ನಾನು ಪೂರ್ತಿ ಯೋಚಿಸಿರಲಿಲ್ಲ. ಸ್ಟೇಷನ್ನು ಕೆಡವಲು ನೆಪವಾಗುತ್ತದೆ ಎಂದುಕೊಂಡಿದ್ದೆ. ಆದರೆ ಹೊಸ ರಿಜಿಸ್ಟರಿನ ಪ್ರಕಾರ ಕಾಂಕ್ರೀಟು ಮೊದಲಿನಿಂದಲೂ ದುರ್ಬಲ. ಅವರು ಸಹಿ ಮಾಡಿದ ಸರ್ಟಿಫಿಕೇಟುಗಳಲ್ಲಿ ಎಲ್ಲವೂ ಸರಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಥ ಒಂದೇ: ಕೆಟ್ಟ ಫಲಿತಾಂಶ ಕಣ್ಣಾರೆ ನೋಡಿಯೂ ಈ ಮನುಷ್ಯ ಒಳ್ಳೆಯದೆಂದು ಸಹಿ ಮಾಡಿದ್ದಾನೆ. ಮ್ಯಾನೇಜರು ತಾವೇ ವರದಿಗೆ ಸಹಿ ಹಾಕಿದರು. ಮಿಸ್ಟರ್ ಕ್ಯೂಬ್ ಅವರ ಕೆಲಸ ಹೋಯಿತು, ಅದರ ಜೊತೆಗೆ ವರ್ಕ್ ಪರ್ಮಿಟ್ಟೂ.

ಪತ್ರ ಕೈಗೆ ಬಂದ ಮಧ್ಯಾಹ್ನ ಅವರು ನೇರ ನನ್ನ ಮೇಜಿಗೆ ಬಂದರು. ಕೂಗಾಡುತ್ತಾರೆಂದು ನಾನು ಕುರ್ಚಿಯಲ್ಲಿ ಬಿಗಿಯಾಗಿ ಕೂತೆ. ಕೂಗಾಡಲಿಲ್ಲ.

“ತಂಗಿ, ನನ್ನ ರಿಜಿಸ್ಟರ್ ಎಲ್ಲೈತಿ?”

“ಮ್ಯಾನೇಜರ್ ಹತ್ತಿರ ಇದೆ ಸಾರ್. ಲಾಕರಲ್ಲಿ.”

“ನೀ ನೋಡೀಯೇನು?”

“ಹೂಂ ಸಾರ್.”

“ಕಡೀ ಹತ್ತು ಪುಟ ಜೆರಾಕ್ಸ್ ಆದ್ರೂ ಸಾಕಿತ್ತು. ಯಾರಿಗಾರ ತೋರಿಸಾಕ.”

“ಕೀಲಿ ಅವರ ಹತ್ತಿರವೇ ಇದೆ ಸಾರ್.”

ರಿಜಿಸ್ಟರು ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲಿತ್ತು. ನನ್ನ ಮೊಣಕಾಲು ಅದಕ್ಕೆ ತಾಗಿತ್ತು. ಅವರು “ಆತು” ಎಂದು ಹೊರಟುಹೋದರು. ಮರುದಿನ ಬೆಳಿಗ್ಗೆ ಮ್ಯಾನೇಜರು ಹೇಳಿದಂತೆ ಅದನ್ನು ಕಾಗದ ಕತ್ತರಿಸುವ ಯಂತ್ರಕ್ಕೆ ಹಾಕಿದೆ. ರಟ್ಟು ಹಿಡಿಯಲಿಲ್ಲ. ಪುಟಗಳನ್ನು ಕಿತ್ತು ಕಿತ್ತು ಹಾಕಬೇಕಾಯಿತು. ಒಂದೊಂದು ಪುಟದ ಮೂಲೆಯಲ್ಲೂ ಅವರ ಬೆರಳಿನ ಸಿಮೆಂಟಿನ ಗುರುತಿತ್ತು.

ಅವರು ಗಂಡ ಹೆಂಡತಿ ಊರಿಗೆ ಹೋದ ವಾರ ಬಳಗದ ಯುಗಾದಿ ಊಟವಿತ್ತು. ಅವರ ಮನೆಯಲ್ಲಿ ಜೋಳದ ರೊಟ್ಟಿ ತಿಂದುಬಂದವರೇ, “ಸಿಮೆಂಟ್ ತಿಂದ್ರಂತೆ ಲಾ” ಎಂದು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡರು. ಪೇಪರ್ ತಟ್ಟೆಯಲ್ಲಿ ಹೋಳಿಗೆ ಹಿಡಿದ ಡಾಕ್ಟರೊಬ್ಬರು, ಮಣಿಪಾಲದ ಕಡೆಯವರು, “ಆ ಜನ ನೋಡಲಿಕ್ಕೆ ಹಾಗೆ ಒರಟು ಮಾರಾಯ್ರೆ, ಒಳಗೆ ಭಾರೀ ಚಾಲಾಕಿ” ಎಂದರು. ಮ್ಯಾನೇಜರು ಮಾತ್ರ ಕೈ ಎತ್ತಿ, “ಬೇಡಿ, ಹೋದೋರ ಬಗ್ಗೆ ಯಾಕೆ” ಎಂದು ದೊಡ್ಡತನ ಮೆರೆದರು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ಎರಡು ಹೋಳಿಗೆ ತಿಂದೆ. ತಿನ್ನಲು ಸಾಧ್ಯವಾಯಿತು ಎಂಬುದೇ ನನ್ನ ಬಗ್ಗೆ ನನಗಿರುವ ಅತ್ಯಂತ ಹೇಸಿಗೆಯ ನೆನಪು.

ಸ್ಟೇಷನ್ನು ಕೆಡವಲು ಬಂದವರು ಎರಡು ವಾರದ ಕೆಲಸ ಎಂದಿದ್ದರು. ಕೆಟ್ಟ ಕಾಂಕ್ರೀಟಲ್ಲವೇ, ಬೇಗ ಉದುರುತ್ತದೆ. ಸಂತೆ ಬೀದಿಗೆ ನೀಲಿ ತಗಡಿನ ಬೇಲಿ ಹಾಕಿ, ‘ನಿಮ್ಮ ಸುರಕ್ಷತೆಗಾಗಿ’ ಎಂದು ನಾಲ್ಕು ಭಾಷೆಗಳಲ್ಲಿ ಫಲಕ ತೂಗುಹಾಕಿದರು. ಆ ಫಲಕದ ಇಂಗ್ಲಿಷ್ ಕಾಗುಣಿತ ನೋಡಿಕೊಟ್ಟವಳೂ ನಾನೇ. ಚಾವಣಿ ಮೊದಲ ವಾರದಲ್ಲೇ ಇಳಿಯಿತು. ಕಂಬಗಳಿಗೆ ಬಂದಾಗ ಕೆಲಸ ನಿಂತಂತಾಯಿತು. ಒಡೆಯುವ ಯಂತ್ರದ ಉಳಿ ಕಂಬದ ಮೇಲೆ ಅರ್ಧ ದಿನ ಕುಟ್ಟಿದರೂ ಒಂದು ಬುಟ್ಟಿಯಷ್ಟು ಚೂರು ಬೀಳುತ್ತಿರಲಿಲ್ಲ. ಉಳಿ ಮೊಂಡಾಯಿತು, ಇನ್ನೊಂದು ತಂದರು. ಅದು ಮುರಿಯಿತು. ದೊಡ್ಡ ಯಂತ್ರ ತರಿಸಿದರು. ಎರಡು ವಾರ ಹೋಗಿ ಎರಡು ತಿಂಗಳಾಯಿತು, ನಾಲ್ಕಾಯಿತು. ಇಡೀ ದಿನ ಆ ಸದ್ದು. ಫ್ಲಾಟಿನ ಗೋಡೆಗಳು ಅದುರುತ್ತಿದ್ದವು. ಎಳೆಮಕ್ಕಳಿಗೆ ಮಧ್ಯಾಹ್ನ ನಿದ್ದೆಯಿಲ್ಲ.

ಒಂದು ದಿನ ಕಾಗದಕ್ಕೆ ಸಹಿ ಹಾಕಿಸಲೆಂದು ನಾನು ಬೇಲಿಯೊಳಗೆ ಹೋದೆ. ಯಂತ್ರದವನು ತಮಿಳರವನು, ಕ್ಲಾಂಗ್ ಊರಿನ ಕಡೆಯವನು. ಇಳಿದು ಬಂದು ಬೆವರು ಒರೆಸಿಕೊಂಡ. ಕೈಯಲ್ಲಿ ಮುಷ್ಟಿಯಷ್ಟು ದೊಡ್ಡ ಕಾಂಕ್ರೀಟಿನ ಚೂರು. ಅದನ್ನು ನನ್ನ ಮುಂದೆ ಹಿಡಿದು, “ಯಾರು ಸೊನ್ನದು ಅಕ್ಕಾ, ಇದು ಕೆಟ್ಟು ಪೋಚುನ್ನು?” ಎಂದ. ಕೆಟ್ಟುಹೋಗಿದೆಯೆಂದು ಹೇಳಿದ್ದು ಯಾರು. ಕುಹಕವಿರಲಿಲ್ಲ, ನಿಜವಾಗಿ ಕೇಳುತ್ತಿದ್ದ. ಇಪ್ಪತ್ತು ವರ್ಷದಿಂದ ಕಟ್ಟಡ ಕೆಡವುತ್ತಿದ್ದೇನೆ, ಇಂಥದ್ದನ್ನು ಕಂಡಿಲ್ಲ ಎಂದ. ಅವನು ಸಹಿ ಮಾಡಬೇಕಾದ ಜಾಗವನ್ನು ನಾನು ತೋರಿಸಿದೆ. ಹೊರಗೆ ಬಂದಾಗ ರಸ್ತೆಯಾಚೆ ಮಕ್ಚಿಕ್ ತನ್ನ ಅನ್ನದ ಪಾತ್ರೆಗೆ ಧೂಳು ಬೀಳದಂತೆ ಮುಚ್ಚಳ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಪಾತ್ರೆಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡಳು. ಒಂದು ತಿಂಗಳಾದ ಮೇಲೆ ಅವಳ ಅಂಗಡಿಯೂ ಇರಲಿಲ್ಲ. ಈಗ ಅಲ್ಲಿ ಕಾರುಗಳು ಇಳಿಯುವ ಇಳಿಜಾರು. ಆ ಕವಲು ದಾರಿ ಮತ್ತೆ ಬರಲೇ ಇಲ್ಲ. ಫ್ಲಾಟಿನ ಹೆಂಗಸರು ಹೆದ್ದಾರಿಯ ಅಂಚಿನಲ್ಲೇ ನಡೆಯುತ್ತಾರೆ.

ನಾನು ಕೆಲಸ ಬಿಟ್ಟೆ ಎಂದು ಹೇಳಿಕೊಳ್ಳಲೂ ಆಗುವುದಿಲ್ಲ. ಸೈಟು ಮುಚ್ಚಿತು, ಕೆಲಸ ತಾನಾಗಿ ಮುಗಿಯಿತು. ಮುಂದಿನ ಬೇಸಿಗೆಯಲ್ಲಿ ಮೈಸೂರಿಗೆ ಹೋದವಳು, ಮನೆಯಲ್ಲಿ ಸ್ನೇಹಿತೆಯ ಮದುವೆಯೆಂದು ಸುಳ್ಳು ಹೇಳಿ, ಗದಗದ ಬಸ್ಸು ಹತ್ತಿದೆ. ವಿಳಾಸ ನನ್ನ ಕಡತದಲ್ಲೇ ಇತ್ತು.

ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಒಳಗೆ ಕೂರಿಸಿದರು. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತು, ಅಡ್ಡಾದಿಡ್ಡಿಯಾಗಿ ಎಲ್ಲವನ್ನೂ ಹೇಳಿದೆ. ಪೆನ್ಸಿಲಿನ ಅಂಕಿ, ಡ್ರಾಯರು, ಯಂತ್ರಕ್ಕೆ ಹಾಕಿದ ಪುಟಗಳು. ಅಳು ಬಂತು. ಅವರು ಅಳುವನ್ನು ಮುಗಿಯಲು ಬಿಟ್ಟರು.

“ಡ್ರಾಯರಿನಾಗ ಇತ್ತು ಅನ್ನೂದು ನನಗ ಗೊತ್ತಿತ್ತು” ಎಂದರು. “ಅರ್ಧಾ ತೆರದಿತ್ತು. ರಟ್ಟು ಕಾಣತಿತ್ತು.”

“ಮತ್ತೆ ಯಾಕೆ ಸಾರ್ ಕೇಳಿದ್ರಿ? ತಗೊಂಡುಬಿಡಬಹುದಿತ್ತು.”

“ನಾ ಕಸಗೊಂಡು ಹೋದ್ರ ಕದ್ದಾನ ಅಂತಿದ್ರು. ನೀ ಕೊಟ್ಟಿದ್ರ ಬ್ಯಾರೆ ಇತ್ತು.”

ಒಳಗಿನಿಂದ ಬಿಳಿ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟರು. ಈಗ ಹೇಳಿದ್ದನ್ನು ಬರಿ ಎಂದರು. ಯಾರಿಗೆ ಕಳಿಸಬೇಕು ಸಾರ್ ಎಂದು ಕೇಳಿದೆ. “ಕಳಸೂದು ಆಮ್ಯಾಲಿನ ಮಾತು. ಮೊದಲ ಬರಿ.” ಮೂರು ಪುಟ ಬರೆದೆ. ಅವರು ಕನ್ನಡಕ ಹಾಕಿಕೊಂಡು, ಲ್ಯಾಬಿನಲ್ಲಿ ಓದುತ್ತಿದ್ದ ಹಾಗೆ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ‘ಅವರು ನಿರಪರಾಧಿ, ದೇವರಂಥ ಮನುಷ್ಯ’ ಎಂದು ಕೊನೆಯಲ್ಲಿ ಬರೆದಿದ್ದೆ. ಅದರ ಮೇಲೆ ಗೀಟು ಎಳೆದರು.

“ಇದು ನಿನ್ನ ಅಭಿಪ್ರಾಯ. ಬ್ಯಾಡ. ಕಣ್ಣೀಲೆ ನೋಡಿದ್ದು, ಕೈಲೆ ಮಾಡಿದ್ದು ಅಷ್ಟ ಇರಲಿ.”

ಇನ್ನೊಮ್ಮೆ ನೀಟಾಗಿ ಬರೆಯಿಸಿ, ಸಹಿ ಹಾಕಿಸಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದರು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಬಳಿ ನಿಂತರು. ನನ್ನ ಮುಖ ನೋಡಲಿಲ್ಲ.

“ಈಕಿಗೆ ಓದಿ ಹೇಳು” ಎಂದರು ನನಗೆ.

ನಾನು ಓದಿದೆ. ಮೂರು ಪುಟ ಓದುವುದಕ್ಕೆ ಅಷ್ಟು ಹೊತ್ತು ಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ‘ರಿಜಿಸ್ಟರು ನನ್ನ ಡ್ರಾಯರಿನಲ್ಲಿದ್ದರೂ ಇಲ್ಲವೆಂದು ಹೇಳಿದೆ’ ಎಂಬ ಸಾಲನ್ನು ಎರಡು ಸಲ ಓದಿದೆ. ಅವರು “ಮುಂದ” ಎಂದರು. ಮುಗಿದ ಮೇಲೆ ಆಕೆ ಗಂಡನನ್ನು ನೋಡಿ, ಒಂದೇ ಮಾತು ಕೇಳಿದರು:

“ತಪ್ಪು ಮಾಡೀರೇನು ಅಂತ ನಾ ಯಾವತ್ತರ ನಿಮ್ಮನ್ನ ಕೇಳಿದ್ನೇನು?”

“ಕೇಳಲಿಲ್ಲ. ವರ್ಷದ ಮ್ಯಾಲಾತು, ಒಂದು ದಿನಾನೂ ಕೇಳಲಿಲ್ಲ” ಎಂದರು ಅವರು. “ನಂಬಿ ಕೇಳಲಿಲ್ಲೋ, ಅಂಜಿ ಕೇಳಲಿಲ್ಲೋ, ನನಗ ತಿಳೀಲಿಲ್ಲ. ಅದಕ್ಕ ಓದಿಸಿದೆ.”

ಆಕೆ ಬಂದು ಅವರ ಪಕ್ಕದಲ್ಲಿ, ಮಂಚದ ಮೇಲೆ ಕೂತರು. ನನ್ನ ಕಡೆ ಮೊದಲ ಸಲ ನೋಡಿ, “ನಿಮ್ಮ ಕೆಲಸ ಆತಲ್ಲ. ಬಸ್ಸು ಐತಿ, ಹೊರಡ್ರಿ” ಎಂದರು. ಸಿಟ್ಟಿರಲಿಲ್ಲ ಅದರಲ್ಲಿ. ಮನೆಗೆ ಬಂದ ಕೆಲಸದವರಿಗೆ ಹೇಳುವ ಹಾಗಿತ್ತು.

ನಾನು ಎದ್ದೆ. ಹೇಳಿಬಿಟ್ಟರೆ ಹಗುರಾಗುತ್ತದೆಂದು ಬಂದವಳು, ಹಗುರಾಗಲಿಲ್ಲ. ಅವರು ನನ್ನನ್ನು ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅದು ಅವರ ಯೋಚನೆಯಲ್ಲೇ ಇರಲಿಲ್ಲವೆಂದು ಕಾಣುತ್ತದೆ. ಹಾಳೆಗಳನ್ನು ಮಡಚಿ ಹೆಂಡತಿಯ ಕೈಗೆ ಕೊಟ್ಟಿದ್ದರು. ಆಕೆಗೆ ಓದಲು ಬರುತ್ತಿರಲಿಲ್ಲ, ಆದರೂ ತೆರೆದು ನೋಡುತ್ತಿದ್ದರು. ಕಟ್ಟೆಯ ಕೆಳಗೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ ಒಳಗೆ ಅವರಿಬ್ಬರೂ ಮಾತಾಡತೊಡಗಿದ್ದು ಕೇಳಿಸಿತು. ಆಕೆ ಏನೋ ಕೇಳುತ್ತಿದ್ದರು, ಅವರು ಉತ್ತರ ಕೊಡುತ್ತಿದ್ದರು. ಮತ್ತೆ ಕೇಳುತ್ತಿದ್ದರು, ಮತ್ತೆ ಕೊಡುತ್ತಿದ್ದರು.